ಜಾನ್ ಲೆ ಕಾರೆ ನಿಜವಾಗ್ಲೂ ಸ್ಪೈ ಆಗಿದ್ರಾ?

ಗೂಢಚಾರರ ಕಾದಂಬರಿಗಳ ಬಗ್ಗೆ ಆಗಾಗ ಬರೆಯುತ್ತಿರುತ್ತೇನಲ್ಲ, ಅದಕ್ಕೇ ಇರಬೇಕು, ಈ ಪ್ರಶ್ನೆ ತಪ್ಪದೆ ಬರುತ್ತದೆ: "ಜಾನ್ ಲೆ ಕಾರೆ ನಿಜವಾಗ್ಲೂ ಸ್ಪೈ ಆಗಿದ್ರಾ? ಹಾಗಿದ್ರೆ ಅವರು ಬರೆದದ್ದೆಲ್ಲ ನಡೆದದ್ದೇನಾ?"

ಮೊದಲನೆಯದಕ್ಕೆ ಹೌದು. ಎರಡನೆಯದಕ್ಕೆ ಅಲ್ಲ. ಆದರೆ ಇಷ್ಟೇ ಹೇಳಿ ಸುಮ್ಮನಾಗಲು ನನಗೆ ಮನಸ್ಸಾಗುವುದಿಲ್ಲ. ಯಾಕೆಂದರೆ ಈ ಇಂಗ್ಲಿಷ್ ಕಾದಂಬರಿಕಾರ ಸುಳ್ಳಿನ ವಿದ್ಯೆ ಕಲಿತದ್ದು ಬ್ರಿಟಿಷ್ ಬೇಹುಗಾರಿಕೆಯ ಕಚೇರಿಯಲ್ಲಲ್ಲ, ಮನೆಯಲ್ಲಿ.

ಮೊದಲು ನೌಕರಿಯ ವಿಷಯ ಮುಗಿಸಿಬಿಡೋಣ. ಅವರ ನಿಜ ಹೆಸರು ಡೇವಿಡ್ ಕಾರ್ನ್‌ವೆಲ್. ಹುಟ್ಟಿದ್ದು 1931ರಲ್ಲಿ, ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಪೂಲ್ ಎಂಬ ಊರಿನಲ್ಲಿ. ಹದಿನಾರಕ್ಕೇ ಬೋರ್ಡಿಂಗ್ ಶಾಲೆ ಬಿಟ್ಟು ಸ್ವಿಟ್ಜರ್ಲೆಂಡಿನ ಬರ್ನ್‌ಗೆ ಹೋಗಿ ಜರ್ಮನ್ ಕಲಿತರು. ಮುಂದೆ ಅನ್ನ ಹಾಕಿದ್ದು ಆ ಜರ್ಮನ್ನೇ. ಕಡ್ಡಾಯ ಸೈನ್ಯಸೇವೆಗೆ ಸೇರಿದಾಗ ಆಸ್ಟ್ರಿಯಾಕ್ಕೆ ಹಾಕಿದರು. ಕಮ್ಯುನಿಸ್ಟ್ ದೇಶಗಳಿಂದ ಗಡಿ ದಾಟಿ ಬಂದವರನ್ನು ಎದುರು ಕೂರಿಸಿಕೊಂಡು ವಿಚಾರಿಸುವ ಕೆಲಸ. ಆಮೇಲೆ ಆಕ್ಸ್‌ಫರ್ಡ್. ಅಲ್ಲಿ ಎಡಪಂಥದ ಹುಡುಗರ ಜೊತೆ ಗೆಳೆತನ ಬೆಳೆಸಿ, ಅವರ ಮಾತುಕತೆಯನ್ನು ಎಂಐ5ಗೆ ಮುಟ್ಟಿಸುತ್ತಿದ್ದರು. ಎಂಐ5 ಅಂದರೆ ದೇಶದ ಒಳಗೆ ಕಣ್ಣಿಡುವ ಸಂಸ್ಥೆ, ಎಂಐ6 ಹೊರದೇಶದ್ದು. ಓದು ಮುಗಿದ ಮೇಲೆ ಸ್ವಲ್ಪ ಕಾಲ ಈಟನ್ ಶಾಲೆಯಲ್ಲಿ ಮೇಷ್ಟ್ರು. 1958ರಲ್ಲಿ ಎಂಐ5 ನೌಕರಿ, 1960ರಲ್ಲಿ ಎಂಐ6. ಆಗಿನ ಪಶ್ಚಿಮ ಜರ್ಮನಿಯ ರಾಜಧಾನಿ ಬಾನ್‌ನ ಬ್ರಿಟಿಷ್ ರಾಯಭಾರ ಕಚೇರಿಯಲ್ಲಿ, ಲೋಕದ ಕಣ್ಣಿಗೆ, ಸೆಕೆಂಡ್ ಸೆಕ್ರೆಟರಿ. 1964ರಲ್ಲಿ ಎಲ್ಲ ಬಿಟ್ಟರು.

ಅಷ್ಟೇ. ಪಿಸ್ತೂಲಿಲ್ಲ, ಛಾವಣಿಯಿಂದ ಜಿಗಿಯುವುದಿಲ್ಲ. ಫೈಲು, ಕಾಯುವುದು, ಜನರ ನಂಬಿಕೆ ಗಳಿಸುವುದು, ಆಮೇಲೆ ಆ ನಂಬಿಕೆಯನ್ನು ಬಳಸಿಕೊಳ್ಳುವುದು.

ಬಾನ್‌ನಲ್ಲಿದ್ದಾಗಲೇ ಬರ್ಲಿನ್ ಗೋಡೆ ಎದ್ದದ್ದು, 1961ರ ಆಗಸ್ಟ್‌ನಲ್ಲಿ. ಅಲ್ಲಿಗೆ ಹೋಗಿ ಕಣ್ಣಾರೆ ನೋಡಿ ಬಂದರು. ಆ ಸಿಟ್ಟಿನಲ್ಲಿ ಕೆಲವೇ ವಾರಗಳಲ್ಲಿ ಬರೆದದ್ದು ಅವರ ಮೂರನೇ ಕಾದಂಬರಿ, 'ದಿ ಸ್ಪೈ ಹೂ ಕೇಮ್ ಇನ್ ಫ್ರಮ್ ದಿ ಕೋಲ್ಡ್'. ಇನ್ನೂ ನೌಕರಿಯಲ್ಲಿದ್ದರಲ್ಲ, ಹಸ್ತಪ್ರತಿ ಮೇಲಿನವರ ಕೈಗೆ ಹೋಗಲೇಬೇಕು. ಅವರು ಓದಿ, ಇದು ಪೂರಾ ಕಟ್ಟುಕಥೆ, ಇದರಿಂದ ಯಾವ ಗುಟ್ಟೂ ಹೊರಬೀಳುವುದಿಲ್ಲ ಅಂತ ಒಪ್ಪಿಗೆ ಕೊಟ್ಟರು. 1963ರಲ್ಲಿ ಪುಸ್ತಕ ಬಂತು. ಪತ್ರಿಕೆಯವರು ಓದಿ, ಇದು ಒಳಗಿನವನೇ ಬಯಲು ಮಾಡಿದ ಸತ್ಯ ಅಂದರು! ಲೆ ಕಾರೆ ಇದನ್ನು ತಾವೇ ಬರೆದುಕೊಂಡಿದ್ದಾರೆ, ಕೊಂಚ ನಗುತ್ತಲೇ. ಗುಟ್ಟಿದ್ದಿದ್ದರೆ ಪುಸ್ತಕವೇ ಹೊರಗೆ ಬರುತ್ತಿರಲಿಲ್ಲ. ಬಂದಿದೆ ಅನ್ನುವುದೇ ಅದು ಕಲ್ಪನೆ ಅನ್ನುವುದಕ್ಕೆ ಸಾಕ್ಷಿ, ಅಲ್ವಾ? ಆದರೂ ಜನ ನಂಬಲಿಲ್ಲ. ಮರುವರ್ಷ ಅಮೆರಿಕದಲ್ಲಿ ಅತಿ ಹೆಚ್ಚು ಮಾರಾಟವಾದ ಕಾದಂಬರಿ ಅದೇ.

ಹೆಸರಿನ ಕಥೆಯೂ ಹೀಗೇ. ವಿದೇಶಾಂಗ ಇಲಾಖೆಯವರು ಸ್ವಂತ ಹೆಸರಲ್ಲಿ ಕಾದಂಬರಿ ಪ್ರಕಟಿಸುವ ಹಾಗಿರಲಿಲ್ಲ. ಈ ಕಾವ್ಯನಾಮ ಎಲ್ಲಿಂದ ಬಂತು ಅಂತ ಕೇಳಿದವರಿಗೆ, ಬಸ್ಸಿನಲ್ಲಿ ಹೋಗುವಾಗ ಒಂದು ಅಂಗಡಿಯ ಬೋರ್ಡಿನ ಮೇಲೆ ನೋಡಿದ್ದೆ ಅನ್ನುತ್ತಿದ್ದರು. ಎಷ್ಟೋ ವರ್ಷ ಆದಮೇಲೆ, ಅದೂ ಬರೀ ಸುಳ್ಳು ಅಂತ ಒಪ್ಪಿಕೊಂಡರು.

ಈಗ ಮನೆಯ ವಿಷಯಕ್ಕೆ ಬರ್ತೀನಿ. ಅಪ್ಪ ರಾನಿ ಕಾರ್ನ್‌ವೆಲ್ ಪಕ್ಕಾ ಮೋಸಗಾರ. ವಿಮೆ ವಂಚನೆಯಲ್ಲಿ ಜೈಲಿಗೆ ಹೋಗಿ ಬಂದವನು. ಲಂಡನ್ನಿನ ಕುಖ್ಯಾತ ರೌಡಿಗಳಾದ ಕ್ರೇ ಸಹೋದರರ ಜೊತೆ ಒಡನಾಟ ಇದ್ದವನು. 1950ರಲ್ಲಿ ಲಿಬರಲ್ ಪಕ್ಷದಿಂದ ಪಾರ್ಲಿಮೆಂಟಿಗೂ ನಿಂತು ಸೋತ. ಕೈಯಲ್ಲಿ ದುಡ್ಡಿದ್ದಾಗ ರೇಸ್ ಕುದುರೆ, ದೊಡ್ಡ ಕಾರು. ಸಾಲ ಕೊಟ್ಟವರು ಹುಡುಕಿಕೊಂಡು ಬಂದಾಗ ಕಾರನ್ನು ಮನೆಯ ಹಿಂದೆ ಬಚ್ಚಿಟ್ಟು, ದೀಪ ಆರಿಸಿ ಕೂರುವುದು. ಅಮ್ಮ ಆಲಿವ್ ಇದನ್ನೆಲ್ಲ ಸಹಿಸಲಾಗದೆ ಒಂದು ರಾತ್ರಿ ಹೊರಟೇ ಹೋದರು. ಆಗ ಹುಡುಗನಿಗೆ ಐದು ವರ್ಷ. ಮತ್ತೆ ಅಮ್ಮನ ಮುಖ ನೋಡಿದ್ದು ಇಪ್ಪತ್ತೊಂದಕ್ಕೆ. ಆಕೆ ಅಂದು ಬಟ್ಟೆ ತುಂಬಿಕೊಂಡು ಹೋದ ಬಿಳಿ ಚರ್ಮದ ಸೂಟ್‌ಕೇಸ್ ಆಕೆ ತೀರಿಕೊಂಡ ಮೇಲೆ ಮಗನ ಕೈಗೆ ಬಂತು. ಒಳಗೆ ರೇಷ್ಮೆಯ ಅಸ್ತರಿ, ದುಬಾರಿ ಅಂಗಡಿಯ ಮಾಲು. ಅದನ್ನು ಅವರು ಇಟ್ಟುಕೊಂಡಿದ್ದರು.

ಶಾಲೆಯಲ್ಲಿ ಈ ಹುಡುಗ ದೊಡ್ಡ ಮನೆತನದವನ ಹಾಗೆ ಮಾತಾಡಬೇಕು, ನಡೆಯಬೇಕು. ರಜೆಗೆ ಹೋದರೆ ಮನೆಯಲ್ಲಿ ಅಪ್ಪನ ಸುಳ್ಳಿಗೆ ಸುಳ್ಳು ಸೇರಿಸಬೇಕು. ಎಂಐ5 ಇನ್ನೇನು ಹೊಸದಾಗಿ ಕಲಿಸೀತು?

ಹದಿಹರೆಯದಲ್ಲಿ ಅಪ್ಪ ಒಮ್ಮೆ ಮಾಂಟೆ ಕಾರ್ಲೋಗೆ ಕರೆದುಕೊಂಡು ಹೋದ, ಜೂಜಾಡಲು. ಅಲ್ಲಿ ಸಮುದ್ರದ ಕಡೆಗೆ ಮುಖಮಾಡಿದ ಶೂಟಿಂಗ್ ರೇಂಜ್ ಇತ್ತು. ಕ್ಯಾಸಿನೋದ ಛಾವಣಿಯ ಮೇಲೆ ಸಾಕಿದ ಪಾರಿವಾಳಗಳನ್ನು ತಂದು, ಕತ್ತಲೆಯ ಕಿರುಸುರಂಗದೊಳಗೆ ಬಿಡುತ್ತಿದ್ದರು. ಅವು ತಡವರಿಸುತ್ತಾ ಬೆಳಕಿನ ಕಡೆ ಬಂದು ಹಾರಿದ ಕೂಡಲೇ, ಊಟ ಮುಗಿಸಿ ಬಂದ ಶ್ರೀಮಂತರು ಗುಂಡು ಹೊಡೆಯುತ್ತಿದ್ದರು. ಬದುಕಿ ಉಳಿದ ಹಕ್ಕಿಗಳು ಎಲ್ಲಿಗೆ ಹೋಗುತ್ತಿದ್ದವು ಗೊತ್ತಾ? ಹುಟ್ಟಿದ ಛಾವಣಿಗೇ ವಾಪಸ್. ಅಲ್ಲಿ ಮತ್ತೆ ಬಲೆ. ತಮ್ಮ ಹೆಚ್ಚುಕಡಿಮೆ ಎಲ್ಲ ಪುಸ್ತಕಕ್ಕೂ ಬರೆಯುವಾಗ 'ದಿ ಪಿಜನ್ ಟನಲ್' ಅಂತಲೇ ಹೆಸರಿಟ್ಟುಕೊಂಡಿರುತ್ತಿದ್ದೆ ಎನ್ನುತ್ತಾರೆ. ಕೊನೆಗೆ 2016ರ ನೆನಪುಗಳ ಪುಸ್ತಕಕ್ಕೆ ಆ ಹೆಸರು ನಿಂತಿತು.

ಮಗ ಪ್ರಸಿದ್ಧನಾದ ಮೇಲೆ ರಾನಿ ಏನು ಮಾಡಿದ? ಮಗನ ಪುಸ್ತಕದ ಮೇಲೆ 'ಲೇಖಕನ ತಂದೆ' ಅಂತ ಸಹಿ ಹಾಕಿ ಜನರಿಗೆ ಕೊಡುತ್ತಿದ್ದ! ಸಿಂಗಪುರ, ಹಾಂಗ್‌ಕಾಂಗ್ ಕಡೆ ಸುತ್ತಿ ಅಲ್ಲೂ ಜೈಲು ಕಂಡ. 1975ರಲ್ಲಿ ತೀರಿಕೊಂಡ. ಮಗ ಅಂತ್ಯಕ್ರಿಯೆಯ ಖರ್ಚು ಕೊಟ್ಟರು, ಹೋಗಲಿಲ್ಲ. ಹನ್ನೊಂದು ವರ್ಷದ ನಂತರ 'ಎ ಪರ್ಫೆಕ್ಟ್ ಸ್ಪೈ' ಬಂತು. ಮೋಸಗಾರ ತಂದೆಯ ಮಗ ದೇಶಕ್ಕೇ ಮೋಸ ಮಾಡುವ ಕಥೆ. ಹೀಗಾಗಿ, ಲೆ ಕಾರೆ ಬರಹದಲ್ಲಿ ನಿಜವಾಗಿ ನಡೆದದ್ದು ಯಾವುದು ಅಂತ ಕೇಳಿದರೆ ನಾನು ತೋರಿಸುವುದು ಇದನ್ನೇ. ಬೇಹುಗಾರಿಕೆಗಿಂತ ಜಾಸ್ತಿ ನಿಜ ಇರುವುದು ಅಪ್ಪನ ಭಾಗದಲ್ಲಿ.

ಹಾಗಂತ ಬೇಹುಗಾರಿಕೆಯ ಭಾಗ ಬರೀ ಹೊಗೆ ಅಂತ ತಿಳಿಯಬೇಡಿ. ಅವರ ಪ್ರಸಿದ್ಧ ಪಾತ್ರ ಜಾರ್ಜ್ ಸ್ಮೈಲಿ, ದಪ್ಪ ಕನ್ನಡಕದ, ಗಿಡ್ಡ, ಸಂಕೋಚದ ಅಧಿಕಾರಿ. ಆಕ್ಸ್‌ಫರ್ಡಿನ ಗುರು ವಿವಿಯನ್ ಗ್ರೀನ್, ಎಂಐ5ನ ಸಹೋದ್ಯೋಗಿ ಜಾನ್ ಬಿಂಗಮ್, ಇಬ್ಬರನ್ನೂ ಬೆರೆಸಿ ಮಾಡಿದ್ದು. ಬಿಂಗಮ್ ತಾವೂ ಕಾದಂಬರಿಕಾರರು. ಲೆ ಕಾರೆ ಬೇಹುಗಾರಿಕೆ ಇಲಾಖೆಯನ್ನು ಚಿತ್ರಿಸಿದ ರೀತಿ ಅವರಿಗೆ ಬೇಸರ ತಂದಿತು. ಕಿಮ್ ಫಿಲ್ಬಿಯಂತೂ ಲೆ ಕಾರೆಯವರನ್ನು ಬಿಡಲೇ ಇಲ್ಲ. ಎಂಐ6ನಲ್ಲಿದ್ದುಕೊಂಡೇ ಸೋವಿಯತ್ ಪರ ಕೆಲಸ ಮಾಡಿ 1963ರಲ್ಲಿ ಮಾಸ್ಕೋಗೆ ಓಡಿಹೋದವನು. 1974ರ 'ಟಿಂಕರ್ ಟೈಲರ್ ಸೋಲ್ಜರ್ ಸ್ಪೈ' ಕಾದಂಬರಿಯ ಒಳಗಿನ ದ್ರೋಹಿಯ ಹಿಂದೆ ಇವನ ನೆರಳಿದೆ. ಎಂಬತ್ತರ ದಶಕದಲ್ಲಿ ಮಾಸ್ಕೋಗೆ ಹೋದಾಗ, ಫಿಲ್ಬಿಯನ್ನು ನೋಡ್ತೀರಾ ಅಂತ ಕೇಳಿದರೆ, ಒಲ್ಲೆ ಅಂದರು.

ಅದೇ ಕಾದಂಬರಿಯಲ್ಲಿ ನಮ್ಮ ದೆಹಲಿಯೂ ಬರುತ್ತದೆ. ಅಲ್ಲಿನ ಜೈಲಿನಲ್ಲಿ ಸ್ಮೈಲಿ ಎದುರು ಸೋವಿಯತ್ ಅಧಿಕಾರಿ ಕಾರ್ಲಾ ಕೂತಿದ್ದಾನೆ. ಸೆಕೆ. ಊರಿಗೆ ಹೋದರೆ ನಿನ್ನನ್ನು ಕೊಲ್ಲುತ್ತಾರೆ, ನಮ್ಮ ಕಡೆ ಬಾ ಅಂತ ಸ್ಮೈಲಿ ಮಾತಾಡುತ್ತಾನೆ, ಆಡುತ್ತಲೇ ಇರುತ್ತಾನೆ. ಕಾರ್ಲಾ ತುಟಿ ಬಿಚ್ಚುವುದಿಲ್ಲ. ಮಾತಿನ ಭರದಲ್ಲಿ ಸ್ಮೈಲಿ ತನ್ನ ಹೆಂಡತಿಯ ವಿಷಯವನ್ನೂ ಎಳೆದು ತರುತ್ತಾನೆ. ಕೊನೆಗೆ ಕಾರ್ಲಾ ಎದ್ದು ಹೋಗುವಾಗ, ಆ ಹೆಂಡತಿ ಕೊಟ್ಟಿದ್ದ ಲೈಟರ್ ಅವನ ಬಳಿಯೇ ಉಳಿಯುತ್ತದೆ. ವಿಚಾರಣೆ ಮಾಡಲು ಹೋದವನೇ ತನ್ನ ಗುಟ್ಟು ಬಿಟ್ಟುಕೊಟ್ಟು ಬಂದ. ಆಸ್ಟ್ರಿಯಾದಲ್ಲಿ ಜನರನ್ನು ಎದುರು ಕೂರಿಸಿಕೊಂಡಿದ್ದವರಿಗೆ ಮಾತ್ರ ಹೊಳೆಯುವಂಥ ದೃಶ್ಯ ಅನಿಸುತ್ತದೆ ನನಗೆ.

2020ರ ಡಿಸೆಂಬರ್‌ನಲ್ಲಿ ತೀರಿಕೊಳ್ಳುವವರೆಗೂ ಬರೆಯುತ್ತಲೇ ಇದ್ದರು, ಕೈಬರಹದಲ್ಲಿ. ಟೈಪ್ ಮಾಡುತ್ತಿದ್ದವರು ಹೆಂಡತಿ ಜೇನ್. ಬರ್ಲಿನ್ ಗೋಡೆ ಬಿದ್ದ ಮೇಲಿನ ಪುಸ್ತಕಗಳಲ್ಲಿ ಸಿಟ್ಟು ಜಾಸ್ತಿ: ಔಷಧ ಕಂಪನಿಗಳ ಮೇಲೆ, ಇರಾಕ್ ಯುದ್ಧದ ಮೇಲೆ, ಬ್ರೆಕ್ಸಿಟ್ ಮೇಲೆ. ಕೆಲವು ಕಡೆ ಸಿಟ್ಟೇ ಕಥೆಯನ್ನು ನುಂಗಿದೆ ಅನ್ನುವುದು ನನ್ನ ತಕರಾರು.

ಎಲ್ಲಿಂದ ಶುರುಮಾಡಬೇಕು ಅಂತಲೂ ಕೇಳ್ತೀರಿ. 1963ರ 'ದಿ ಸ್ಪೈ ಹೂ ಕೇಮ್ ಇನ್ ಫ್ರಮ್ ದಿ ಕೋಲ್ಡ್' ಓದಿ, ಚಿಕ್ಕದು. ಆಮೇಲೆ ಟಿಂಕರ್ ಟೈಲರ್; ಮೊದಲ ಐವತ್ತು ಪುಟ ಯಾರು ಯಾರೆಂದು ತಿಳಿಯದಿದ್ದರೂ ಮುಂದೆ ಹೋಗಿ. 'ಎ ಪರ್ಫೆಕ್ಟ್ ಸ್ಪೈ' ಓದುವಾಗ ರಾನಿಯ ವಿಷಯ ಗೊತ್ತಿದ್ದರೆ ಒಳ್ಳೆಯದು. ಅದನ್ನಂತೂ ಈಗ ಹೇಳಿಯಾಯಿತು.