ಆನ್‌ಲೈನ್ ಪಾಠ: ಮೊದಲು ಧ್ವನಿ, ಆಮೇಲೆ ಮುಖ

2020ರ ಮಾರ್ಚ್‌ನಲ್ಲಿ ಕಾಲೇಜುಗಳು ಮುಚ್ಚಿದಾಗ ಬಹಳಷ್ಟು ಅಧ್ಯಾಪಕರು ಒಂದು ಗಂಟೆಯ ಉಪನ್ಯಾಸವನ್ನು ಹಾಗೇ ಝೂಮ್‌ಗೆ ತಂದರು. ಎಡವಟ್ಟಾದದ್ದು ಅಲ್ಲೇ. ವಿಡಿಯೊ ಸೆಕೆಂಡಿಗೆ 1 ಮೆಗಾಬಿಟ್ (ಒಂದು ಎಂಬಿಯ ಎಂಟನೇ ಒಂದು ಭಾಗ) ಎಳೆದರೆ ಗಂಟೆಗೆ 450 ಎಂಬಿ ಆಯಿತು. ದಿನಕ್ಕೆ ನಾಲ್ಕು ತರಗತಿ ಎಂದರೆ 1.8 ಜಿಬಿ. ಮೊಬೈಲ್ ಡೇಟಾ ನೆಚ್ಚಿಕೊಂಡವರು ಮಧ್ಯಾಹ್ನದ ಹೊತ್ತಿಗೆ ಕಾಣೆಯಾಗುತ್ತಾರೆ. ಸೆಕೆಂಡಿಗೆ 64 ಕಿಲೊಬಿಟ್‌ನ ಬರಿಯ ಧ್ವನಿಗಾದರೆ ಗಂಟೆಗೆ ಸುಮಾರು 29 ಎಂಬಿ ಸಾಕು. ಹಾಗಾಗಿ ಸ್ಲೈಡುಗಳ ಪಿಡಿಎಫ್ ಅನ್ನು ಹಿಂದಿನ ದಿನವೇ ಕಳಿಸಿ, ಪ್ರತಿ ಪುಟಕ್ಕೂ ದೊಡ್ಡ ಸಂಖ್ಯೆ ಹಾಕಿ, ಪಾಠದಲ್ಲಿ ‘ಈಗ ಏಳನೇ ಪುಟ’ ಎಂದು ಬಾಯಿಬಿಟ್ಟು ಹೇಳಬೇಕು. ಚಿತ್ರ ನಿಂತರೂ ಪಾಠ ನಿಲ್ಲುವುದಿಲ್ಲ.

ಧ್ವನಿ ಕೆಟ್ಟರೆ ಮಾತ್ರ ಯಾರೂ ಉಳಿಯುವುದಿಲ್ಲ. ಲ್ಯಾಪ್‌ಟಾಪಿನ ಮೈಕು ಕೀಬೋರ್ಡಿನ ಸದ್ದು, ಫ್ಯಾನು, ಗೋಡೆಯ ಮಾರ್ದನಿ ಎಲ್ಲವನ್ನೂ ಹಿಡಿಯುತ್ತದೆ. ವೈರಿನ ಇಯರ್‌ಫೋನ್ ಮೈಕನ್ನು ಬಾಯಿಯಿಂದ ಒಂದು ಗೇಣು ದೂರದಲ್ಲಿ, ಬಟ್ಟೆಗೆ ಉಜ್ಜದಂತೆ ಸಿಕ್ಕಿಸಿ. ಖಾಲಿ ಕೋಣೆಗಿಂತ ಪರದೆ, ಹಾಸಿಗೆ ಇರುವ ಕೋಣೆ ಒಳ್ಳೆಯದು. ಒಂದು ನಿಮಿಷ ರೆಕಾರ್ಡ್ ಮಾಡಿ ಫೋನಿನಲ್ಲೇ ಕೇಳಿ ನೋಡಿ. ಹೆಚ್ಚಿನವರು ಕೇಳುವುದು ಅದರಲ್ಲೇ.

ಪಾಠದ ರೆಕಾರ್ಡಿಂಗ್ 10–12 ನಿಮಿಷ ಮೀರದಿರಲಿ, ಒಂದರಲ್ಲಿ ಒಂದೇ ವಿಷಯವಿರಲಿ. ತಪ್ಪು ಕಂಡರೆ ಅದೊಂದು ತುಣುಕನ್ನಷ್ಟೇ ಮತ್ತೆ ಮಾಡಿದರಾಯಿತು.

ನೇರ ತರಗತಿಯನ್ನು ಪ್ರಶ್ನೆಗಳಿಗೆ ಮೀಸಲಿಡಿ. ‘ಅರ್ಥವಾಯಿತಾ?’ ಎಂದರೆ ಉತ್ತರ ಬರುವುದಿಲ್ಲ. ‘ಮೂರನೇ ಸಾಲಿನಲ್ಲಿ ಚಿಹ್ನೆ ಏಕೆ ಬದಲಾಯಿತು? ಚಾಟ್‌ನಲ್ಲಿ ಬರೆದಿಟ್ಟುಕೊಳ್ಳಿ, ನಾನು ಹೇಳಿದಾಗ ಎಲ್ಲರೂ ಕಳಿಸಿ’ ಎಂದರೆ ಬರುತ್ತದೆ. ಒಬ್ಬರದನ್ನು ನೋಡಿ ಇನ್ನೊಬ್ಬರು ಬರೆಯುವುದೂ ತಪ್ಪುತ್ತದೆ. ಫೋನಿನಲ್ಲಿ ಟೈಪ್ ಮಾಡಲು ಹೊತ್ತು ಹಿಡಿಯುತ್ತದೆ, ಕನಿಷ್ಠ 30 ಸೆಕೆಂಡ್ ಸುಮ್ಮನಿರಬೇಕು. ಆ ಮೌನ ಕಷ್ಟ, ಆದರೆ ತುಂಬಬೇಡಿ. ಕ್ಯಾಮೆರಾ ಹಾಕಲೇಬೇಕೆಂಬ ಒತ್ತಾಯವೂ ಬೇಡ: ಒಂದೇ ಕೋಣೆಯಲ್ಲಿ ಇಡೀ ಕುಟುಂಬವಿರುವ ಮನೆಗಳಿವೆ.

ಪರೀಕ್ಷೆಯಲ್ಲಿ ತೊಂದರೆ ಬರುವುದು ಅಪ್‌ಲೋಡಿನಲ್ಲಿ. ಉತ್ತರ ಬರೆದ ಒಂದು ಪುಟದ ಫೋಟೊ 3 ಎಂಬಿ ಎಂದರೂ 16 ಪುಟಕ್ಕೆ 48 ಎಂಬಿ. ಸ್ಕ್ಯಾನ್ ಆ್ಯಪ್‌ನಲ್ಲಿ ಕಪ್ಪು-ಬಿಳುಪು ಪಿಡಿಎಫ್ ಮಾಡಿದರೆ ಅದು ಎಷ್ಟೋ ಪಟ್ಟು ಇಳಿಯುತ್ತದೆ. ಬರೆಯುವ ಸಮಯ ಮುಗಿದ ಮೇಲೆ ಕಳಿಸಲೆಂದೇ 30 ನಿಮಿಷ ಕೊಡಿ. ಹಿಂದಿನ ವಾರ ಎರಡು ಪುಟದ, ಅಂಕವಿಲ್ಲದ ಅಭ್ಯಾಸ ಪರೀಕ್ಷೆ ಇಟ್ಟರೆ ಯಾರ ಫೋನಿನಿಂದ ಫೈಲ್ ಹೋಗುವುದಿಲ್ಲ ಎಂಬುದು ಮೊದಲೇ ಗೊತ್ತಾಗುತ್ತದೆ.