ತೆನೆರಿಫೆಗೆ ವಾಸ ಬದಲಿಸುವವರ ಫೈಲು ಎಲ್ಲಿ ಸಿಕ್ಕಿಕೊಳ್ಳುತ್ತದೆ

ತೆನೆರಿಫೆ ಮುಂತಾದ, ಸ್ಪೇನ್‌ನ ಕೆನರಿ ದ್ವೀಪಗಳಿಗೆ ವಾಸ ಬದಲಿಸುವ ಭಾರತೀಯರ ಕಾಗದಪತ್ರ ನೋಡುವುದು ನಮ್ಮ ಕೆಲಸ. ಬ್ಯಾಂಕಿನಲ್ಲಿ ದುಡ್ಡು ತೋರಿಸಿದರೆ ಮುಕ್ಕಾಲು ಕೆಲಸ ಆದಂತೆ ಎಂದು ಬಹಳ ಜನ ಅಂದುಕೊಂಡು ಬರುತ್ತಾರೆ. ದುಡ್ಡಿನ ಲೆಕ್ಕ ಸರಿಯಿದ್ದ ಫೈಲುಗಳೂ ನಿಲ್ಲುತ್ತವೆ. ಒಂದೊಂದು ಕಾಗದದಲ್ಲಿ ಒಂದೊಂದು ಥರ ಹೆಸರಿರುತ್ತದೆ, ಇಲ್ಲವೇ ಕಾಗದ ಮಾಡಿಸಿದ ಕ್ರಮವೇ ತಪ್ಪಿರುತ್ತದೆ.

ಹೆಸರಿನ ತೊಡಕು ದಕ್ಷಿಣ ಭಾರತದವರಿಗೆ ಜಾಸ್ತಿ. ಸ್ಪೇನ್‌ನ ಅರ್ಜಿಗಳಲ್ಲಿ ಮೂರು ಖಾನೆ ಇರುತ್ತವೆ: ಮೊದಲ ಸರ್‌ನೇಮ್, ಎರಡನೇ ಸರ್‌ನೇಮ್, ಸ್ವಂತ ಹೆಸರು. ಅಲ್ಲಿಯವರಿಗೆ ಸಾಮಾನ್ಯವಾಗಿ ಒಂದು ಅಪ್ಪನ ಕಡೆಯಿಂದ, ಇನ್ನೊಂದು ಅಮ್ಮನ ಕಡೆಯಿಂದ ಬರುತ್ತದೆ. ವಿದೇಶಿಯರು ಎರಡನೆಯದನ್ನು ಖಾಲಿ ಬಿಡಬಹುದು, ಮೊದಲನೆಯದನ್ನು ಬಿಡಲಾಗದು. ನಮ್ಮ ಎಷ್ಟೋ ಜನರ ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಜಾಗವೇ ಖಾಲಿ. ಊರು, ಅಪ್ಪನ ಹೆಸರು, ಸ್ವಂತ ಹೆಸರು ಎಲ್ಲ ಒಂದೇ ಸಾಲಿನಲ್ಲಿ. ಆಗ ವೀಸಾ ಕೌಂಟರಿನವರು ಒಂದು ರೀತಿ ಒಡೆದು ಬರೆಯುತ್ತಾರೆ, ಪೊಲೀಸ್ ಕಚೇರಿಯವರು ಇನ್ನೊಂದು ರೀತಿ, ಬ್ಯಾಂಕಿನವರು ಮತ್ತೊಂದು ರೀತಿ. ಇದರ ಬಿಸಿ ತಟ್ಟುವುದು ತಡವಾಗಿ. ಉದಾಹರಣೆಗೆ, ಆನ್‌ಲೈನ್ ಸರ್ಕಾರಿ ಕೆಲಸಗಳಿಗೆ ಬೇಕಾದ, ಸ್ಪೇನ್‌ನ ಸರ್ಕಾರಿ ಟಂಕಸಾಲೆ ಎಫ್‌ಎನ್‌ಎಂಟಿ ಕೊಡುವ ಡಿಜಿಟಲ್ ಸರ್ಟಿಫಿಕೇಟ್‌ಗೆ ಅರ್ಜಿ ಹಾಕುವಾಗ ಗುರುತಿನ ಸಂಖ್ಯೆಯ ಜೊತೆ ಮೊದಲ ಸರ್‌ನೇಮ್ ಕೇಳುತ್ತದೆ. ಅಲ್ಲಿನ ಗುರುತಿನ ಕಾರ್ಡಿನಲ್ಲಿರುವುದಕ್ಕೂ ಇಲ್ಲಿ ಟೈಪ್ ಮಾಡಿದ್ದಕ್ಕೂ ಹೊಂದದಿದ್ದರೆ ಕೆಲಸ ಅಲ್ಲಿಗೇ ನಿಂತಿತು.

ಇದಕ್ಕೆ ಮದ್ದು ಹೊರಡುವ ಮೊದಲೇ ಇದೆ: ಸರ್‌ನೇಮ್ ಮತ್ತು ಸ್ವಂತ ಹೆಸರನ್ನು ಬೇರೆ ಮಾಡಿಸಿ ಪಾಸ್‌ಪೋರ್ಟ್ ರೀಇಶ್ಯೂ ಮಾಡಿಸಿ, ಆಮೇಲೆ ಪೊಲೀಸ್ ಕ್ಲಿಯರೆನ್ಸ್, ಮದುವೆ ಸರ್ಟಿಫಿಕೇಟ್, ಬ್ಯಾಂಕ್ ಸ್ಟೇಟ್‌ಮೆಂಟ್ ಎಲ್ಲವನ್ನೂ ಆ ಹೆಸರಿಗೆ ತರುವುದು. ಈಗಾಗಲೇ ವೀಸಾ ಬಂದುಬಿಟ್ಟಿದ್ದರೆ, ಅದರ ಮೇಲೆ ಅಚ್ಚಾದ ರೂಪವನ್ನೇ ಮುಂದಿನ ಎಲ್ಲ ಅರ್ಜಿಗಳಲ್ಲೂ ಅಕ್ಷರ ಬಿಡದೆ ಬಳಸಿ, ಚೆಂದ ಕಾಣದಿದ್ದರೂ ಸರಿ.

ಇನ್ನು ಕ್ರಮ. ಭಾರತದ ಪ್ರಮಾಣಪತ್ರಗಳಿಗೆ ಮೊದಲು ವಿದೇಶಾಂಗ ಸಚಿವಾಲಯದ ಅಪೋಸ್ಟಿಲ್, ಅಂದರೆ ಕಾಗದ ಅಸಲಿ ಎಂದು ಹೊರದೇಶಕ್ಕೆ ಹೇಳುವ ದೃಢೀಕರಣ, ಆಮೇಲೆ ಸ್ಪ್ಯಾನಿಷ್ ಅನುವಾದ. ಅವಸರಕ್ಕೆ ಅನುವಾದ ಮೊದಲು ಮಾಡಿಸಿದರೆ ಅಪೋಸ್ಟಿಲ್ ಹಾಳೆ ಅನುವಾದದಲ್ಲಿ ಸೇರುವುದಿಲ್ಲ. ಮತ್ತೆ ಮಾಡಿಸಬೇಕು, ಮತ್ತೆ ದುಡ್ಡು. ಅನುವಾದಕರು ಸ್ಪೇನ್‌ನ ವಿದೇಶಾಂಗ ಸಚಿವಾಲಯದಿಂದ ನೇಮಕಗೊಂಡ 'ತ್ರಾದುಕ್ತೋರ್ ಹುರಾದೊ' ಆಗಿದ್ದರೆ ಎಲ್ಲ ಕಚೇರಿಗಳಲ್ಲೂ ನಡೆಯುತ್ತದೆ. ಮದುವೆ, ಜನನ ಪ್ರಮಾಣಪತ್ರಗಳಿಗೆ ಅಪೋಸ್ಟಿಲ್‌ಗೂ ಮೊದಲು ರಾಜ್ಯ ಮಟ್ಟದ ದೃಢೀಕರಣ ಬೇಕು, ಅದಕ್ಕೆ ಸಮಯ ಬೇರೆ ಇಟ್ಟುಕೊಳ್ಳಿ. ಬೇಗ ಹಳತಾಗುವ ಕಾಗದಗಳನ್ನು, ಅಂದರೆ ಪೊಲೀಸ್ ಕ್ಲಿಯರೆನ್ಸ್ ಮತ್ತು ವೈದ್ಯಕೀಯ ಪ್ರಮಾಣಪತ್ರವನ್ನು, ಕೊನೆಗೆ ಮಾಡಿಸಿ.

ವೈದ್ಯಕೀಯ ಪ್ರಮಾಣಪತ್ರದಲ್ಲಿ 'ಆರೋಗ್ಯವಾಗಿದ್ದಾರೆ' ಎಂದು ಬರೆಸಿಕೊಂಡು ಬಂದರೆ ಸಾಲದು. 2005ರ ಅಂತಾರಾಷ್ಟ್ರೀಯ ಆರೋಗ್ಯ ನಿಯಮಗಳ ಪ್ರಕಾರ ಸಾರ್ವಜನಿಕ ಆರೋಗ್ಯಕ್ಕೆ ಗಂಭೀರ ಪರಿಣಾಮ ಉಂಟುಮಾಡಬಲ್ಲ ಯಾವ ರೋಗವೂ ಇಲ್ಲ ಎಂಬ ವಾಕ್ಯ ಅದರಲ್ಲಿ ಇರಲೇಬೇಕು. ಆ ವಾಕ್ಯವನ್ನು ಟೈಪ್ ಮಾಡಿಕೊಂಡು ಡಾಕ್ಟರ ಬಳಿ ಹೋಗುವುದು ಜಾಣತನ.

ವೀಸಾ ಯಾವುದು ಎಂಬುದರ ಬಗ್ಗೆ ಚುಟುಕಾಗಿ. ದುಡಿಯದೆ ಉಳಿತಾಯ ಅಥವಾ ಪಿಂಚಣಿಯ ಮೇಲೆ ಬದುಕುವವರ ವೀಸಾಕ್ಕೆ ಐಪಿಆರ್‌ಇಎಂ ಎಂಬ, ಸ್ಪೇನ್ ಸರ್ಕಾರದ ಆದಾಯ ಸೂಚ್ಯಂಕದ 400% ಆದಾಯ ತೋರಿಸಬೇಕು. ಸೂಚ್ಯಂಕ ತಿಂಗಳಿಗೆ 600 ಯೂರೊ ಇರುವಾಗ ಅದು ತಿಂಗಳಿಗೆ 2,400 ಆಗುತ್ತದೆ, ಜೊತೆಗೆ ಬರುವ ಪ್ರತಿಯೊಬ್ಬರಿಗೂ ಇನ್ನೂ 600. ಲ್ಯಾಪ್‌ಟಾಪ್ ಇಟ್ಟುಕೊಂಡು ಭಾರತದ ಕಂಪನಿಗೆ ಕೆಲಸ ಮಾಡುವವರಿಗೆ ಇದಲ್ಲ. ಅವರಿಗೆ 2022ರ ಸ್ಟಾರ್ಟಪ್ ಕಾನೂನಿನಡಿ ಬಂದ ಡಿಜಿಟಲ್ ನೋಮ್ಯಾಡ್ ವೀಸಾ ಇದೆ, ಅದಕ್ಕೆ ಸ್ಪೇನ್‌ನ ಕನಿಷ್ಠ ವೇತನದ 200% ಆದಾಯ ಬೇಕು. ಮನೆ ಕೊಂಡು ಗೋಲ್ಡನ್ ವೀಸಾ ಪಡೆಯುವ ದಾರಿ 2025ರ ಏಪ್ರಿಲ್‌ನಲ್ಲಿ ಮುಚ್ಚಿದೆ, ಆದರೂ ಅದನ್ನು ಮಾರಲು ಬರುವ ಏಜೆಂಟರು ಇದ್ದೇ ಇದ್ದಾರೆ.

ದ್ವೀಪದಲ್ಲಿ ಇಳಿದ ಮೇಲೆ ಒಂದು ತಿಂಗಳೊಳಗೆ 'ಟಿಐಇ' ಎಂಬ ವಿದೇಶಿಯರ ಗುರುತಿನ ಕಾರ್ಡಿಗೆ ಅರ್ಜಿ ಹಾಕಬೇಕು. ಅದರ ಜೊತೆ ವಿಳಾಸಕ್ಕೆ ಪುರಸಭೆಯ ನೋಂದಣಿ ಪತ್ರ, ಅಂದರೆ 'ಪಾದ್ರೋನ್', ಕೇಳುವುದು ಸಾಮಾನ್ಯ. ಪಾದ್ರೋನ್‌ಗೆ ಮನೆ ಬಾಡಿಗೆ ಕರಾರು ಬೇಕು. ರಜೆಯ ದ್ವೀಪದ ಅಸಲಿ ತೊಂದರೆ ಇಲ್ಲೇ. ಸಿಗುವ ಮನೆಗಳಲ್ಲಿ ಬಹಳಷ್ಟು ಪ್ರವಾಸಿಗರಿಗೆಂದು ಇಟ್ಟವು. ಆ ಬುಕಿಂಗ್ ರಸೀದಿ ಪುರಸಭೆಯಲ್ಲಿ ನಡೆಯುವುದು ಕಷ್ಟ, ಮಾಲೀಕರೂ ನೋಂದಣಿಗೆ ಒಪ್ಪಲು ಹಿಂದೆ ಮುಂದೆ ನೋಡುತ್ತಾರೆ. 'ಈ ವಿಳಾಸದಲ್ಲಿ ಪಾದ್ರೋನ್ ಮಾಡಿಸಲು ಒಪ್ಪುತ್ತೀರಾ' ಎಂದು ಡೆಪಾಸಿಟ್ ಕೊಡುವ ಮೊದಲೇ ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ. ಮೊದಲೇ ಅಲ್ಲಿ ವಾಸವಿರುವವರ ಜೊತೆ ಇಳಿದುಕೊಂಡಿದ್ದರೆ ಅವರ ಸಹಿಯ ಒಪ್ಪಿಗೆ ಪತ್ರ ಮತ್ತು ಗುರುತಿನ ಚೀಟಿಯ ಪ್ರತಿ ಕೊಡಬಹುದು.

ಯಾವ ಪುರಸಭೆ ಎಂಬುದನ್ನೂ ನೋಡಿಕೊಳ್ಳಿ. ತೆನೆರಿಫೆಯಲ್ಲಿ 31 ಪುರಸಭೆಗಳಿವೆ. ಪ್ಲಾಯಾ ದೆ ಲಾಸ್ ಅಮೆರಿಕಾಸ್ ಒಂದೇ ಊರಿನಂತೆ ಕಂಡರೂ ಅದರ ಒಂದು ಭಾಗ ಅರೋನಾಕ್ಕೆ, ಇನ್ನೊಂದು ಭಾಗ ಅದೆಹೆಗೆ ಸೇರಿದೆ. ಬೀದಿಯ ಹೆಸರು ನೋಡದೆ ಅಪಾಯಿಂಟ್‌ಮೆಂಟ್ ತೆಗೆದುಕೊಂಡರೆ ವಾಪಸ್ ಕಳಿಸುತ್ತಾರೆ. ಟಿಐಇ ಕಾರ್ಡಿಗಾಗಿ ಪೊಲೀಸ್ ಕಚೇರಿಯಲ್ಲಿ ತೆಗೆದುಕೊಳ್ಳುವ ಅಪಾಯಿಂಟ್‌ಮೆಂಟ್‌ನಲ್ಲೂ ಇದೇ ಎಚ್ಚರ ಬೇಕು. ತೆನೆರಿಫೆ, ಲಾ ಪಾಲ್ಮಾ, ಲಾ ಗೊಮೆರಾ, ಎಲ್ ಯೆರ್ರೊ ಇವು ಸಾಂತಾ ಕ್ರೂಸ್ ದೆ ತೆನೆರಿಫೆ ಪ್ರಾಂತ್ಯದವು. ಗ್ರಾನ್ ಕನಾರಿಯಾ, ಲಾನ್ಸರೋಟೆ, ಫುಯೆರ್ತೆವೆಂತುರಾ ಲಾಸ್ ಪಾಲ್ಮಾಸ್‌ಗೆ ಸೇರಿದವು. 'ಲಾ ಪಾಲ್ಮಾ'ದಲ್ಲಿ ಇರುವವರು 'ಲಾಸ್ ಪಾಲ್ಮಾಸ್' ಒತ್ತಿಬಿಡುವುದು ಮಾಮೂಲಿ. ಅಪಾಯಿಂಟ್‌ಮೆಂಟ್ ಉಚಿತ; ದುಡ್ಡಿಗೆ ಮಾರುವವರಿಂದ ಕೊಳ್ಳಬೇಡಿ.

ಅಪಾಯಿಂಟ್‌ಮೆಂಟ್‌ಗೆ ಹೋಗುವಾಗ ಇಎಕ್ಸ್-17 ಅರ್ಜಿ, ಪಾಸ್‌ಪೋರ್ಟ್ ಮತ್ತು ಪ್ರತಿ, ಬಿಳಿ ಹಿನ್ನೆಲೆಯ ಫೋಟೊ, ಪಾದ್ರೋನ್ ಪತ್ರ, 790-012 ಶುಲ್ಕದ ರಸೀದಿ ಇಟ್ಟುಕೊಳ್ಳಿ. ಆ 790-012 ಫಾರಂನಲ್ಲಿ ಆಯ್ಕೆಗಳ ಉದ್ದ ಪಟ್ಟಿ ಇದೆ. ಮೊದಲ ಬಾರಿಯ ತಾತ್ಕಾಲಿಕ ವಾಸದ ಕಾರ್ಡ್ ಎಂಬುದಕ್ಕೇ ಗುರುತು ಹಾಕಬೇಕು. ನವೀಕರಣದ ಸಾಲಿಗೆ ಹಾಕಿದರೆ ಮೊತ್ತ ಬೇರೆ, ಕೌಂಟರ್‌ನಲ್ಲಿ ನಡೆಯದು. ಶುಲ್ಕ ಕಟ್ಟಿಸಿಕೊಳ್ಳಲು ಬ್ಯಾಂಕುಗಳು ಗೊತ್ತಾದ ದಿನ, ಗೊತ್ತಾದ ಗಂಟೆ ಇಟ್ಟುಕೊಂಡಿರುತ್ತವೆ, ಆದ್ದರಿಂದ ಅದೇ ದಿನ ಬೆಳಿಗ್ಗೆ ಕಟ್ಟಿದರಾಯಿತು ಎಂದುಕೊಳ್ಳಬೇಡಿ.

ಈ ಎಲ್ಲ ಫಾರಂಗಳಲ್ಲೂ ಬರುವ ಎನ್‌ಐಇಯನ್ನು, ಅಂದರೆ ವಿದೇಶಿಯರ ಗುರುತಿನ ಸಂಖ್ಯೆಯನ್ನು, ನೀವೇ ಪರೀಕ್ಷಿಸಬಹುದು. ಅದರ ಮೊದಲ ಅಕ್ಷರ ಎಕ್ಸ್ ಇದ್ದರೆ 0, ವೈ ಇದ್ದರೆ 1, ಝಡ್ ಇದ್ದರೆ 2 ಎಂದು ಅದರ ಜಾಗದಲ್ಲಿಟ್ಟು, ಆ ಸಂಖ್ಯೆಯನ್ನು 23ರಿಂದ ಭಾಗಿಸಿ. ಉಳಿಯುವ ಶೇಷಕ್ಕೆ ಒಂದು ನಿಗದಿತ ಅಕ್ಷರವಿದೆ, ಅದೇ ಕೊನೆಯಲ್ಲಿ ಬರಬೇಕು. ಎಕ್ಸ್1234567ಕ್ಕೆ ಶೇಷ 19, ಅಕ್ಷರ ಎಲ್. ಬಾಡಿಗೆ ಕರಾರಿನಲ್ಲಿ ಮಾಲೀಕರು ಒಂದು ಅಂಕಿ ತಪ್ಪು ಬರೆದರೆ ಈ ಲೆಕ್ಕದಲ್ಲಿ ಸಿಕ್ಕಿಬೀಳುತ್ತದೆ.

ಸಾಮಾನು ಸಾಗಿಸುವವರು ಗಮನಿಸಿ: ಕೆನರಿ ದ್ವೀಪಗಳು ಯುರೋಪಿಯನ್ ಒಕ್ಕೂಟದ ಸುಂಕ ವಲಯದೊಳಗಿದ್ದರೂ ವ್ಯಾಟ್ ವಲಯದ ಹೊರಗಿವೆ. ಅಲ್ಲಿ ವ್ಯಾಟ್ ಬದಲು ನಡೆಯುವುದು ದ್ವೀಪಗಳದೇ ಆದ ಐಜಿಐಸಿ ತೆರಿಗೆ, ಸಾಮಾನ್ಯ ದರ 7%. ಹಾಗಾಗಿ ಮ್ಯಾಡ್ರಿಡ್‌ನಿಂದ ಬರುವ ಪೆಟ್ಟಿಗೆಗೂ ಕಸ್ಟಮ್ಸ್ ಕಾಗದ ಬೇಕಾಗುತ್ತದೆ. ಭಾರತದಿಂದ ತರುವ ಮನೆಸಾಮಾನಿಗೆ ಸುಂಕ ವಿನಾಯಿತಿ ಸಿಗಲು ಕನಿಷ್ಠ 6 ತಿಂಗಳು ಬಳಸಿದ ಸಾಮಾನಾಗಿರಬೇಕು, ನೀವು ಕನಿಷ್ಠ 12 ತಿಂಗಳು ಒಕ್ಕೂಟದ ಹೊರಗೆ ವಾಸವಿದ್ದಿರಬೇಕು, ವಾಸ ಶುರುವಾಗಿ 12 ತಿಂಗಳೊಳಗೆ ತರಬೇಕು. ಹೊರಡುವ ಮುನ್ನ ಕೊಂಡ ಹೊಸ ಟಿವಿ ಈ ಲೆಕ್ಕಕ್ಕೆ ಬರುವುದಿಲ್ಲ.

ವರ್ಷದಲ್ಲಿ 183 ದಿನಕ್ಕಿಂತ ಹೆಚ್ಚು ಇದ್ದರೆ ಸ್ಪೇನ್‌ನ ತೆರಿಗೆ ವಾಸಿ. ಆಮೇಲೆ ಹೊರದೇಶದ ಬ್ಯಾಂಕ್ ಖಾತೆ, ಷೇರು, ಆಸ್ತಿ ಇವುಗಳಲ್ಲಿ ಯಾವ ವರ್ಗದಲ್ಲಾದರೂ 50,000 ಯೂರೊ ದಾಟಿದರೆ ಮರುವರ್ಷದ ಮಾರ್ಚ್ 31ರೊಳಗೆ ಮೊದೆಲೊ 720 ಎಂಬ ಘೋಷಣಾ ಫಾರಂ ಸಲ್ಲಿಸಬೇಕು. ಊರಿನ ಸೈಟು, ಎಫ್‌ಡಿ ಎಲ್ಲ ಇದರಲ್ಲಿ ಬರುತ್ತವೆ. ಭಾರತದ ಡ್ರೈವಿಂಗ್ ಲೈಸೆನ್ಸ್ ವಾಸ ಸಿಕ್ಕ ಮೇಲೆ 6 ತಿಂಗಳು ಮಾತ್ರ ನಡೆಯುತ್ತದೆ, ನಂತರ ಅಲ್ಲಿನ ಪರೀಕ್ಷೆ ಬರೆಯಬೇಕು.

ಕಾರ್ಡ್ ನವೀಕರಣಕ್ಕೆ ಅವಧಿ ಮುಗಿಯುವ 60 ದಿನ ಮೊದಲಿನಿಂದ ಅರ್ಜಿ ಹಾಕಬಹುದು. ಅರ್ಜಿ ನಡೆಯುತ್ತಿರುವಾಗ ಹಳೆ ಕಾರ್ಡಿನ ಅವಧಿ ಮುಗಿದಿದ್ದು, ಮದುವೆಗೋ ಹಬ್ಬಕ್ಕೋ ಭಾರತಕ್ಕೆ ಬರಬೇಕಾದರೆ, ಇಎಕ್ಸ್-13 ಫಾರಂ ಹಾಕಿ ಮರಳಿ ಬರುವ ಅನುಮತಿ ಪತ್ರ ಪಡೆದ ಮೇಲೆಯೇ ಟಿಕೆಟ್ ಮಾಡಿಸಿ.