ಲೈವ್ ಮುಗಿದ ಮೇಲಿನ ಹತ್ತು ನಿಮಿಷ

ಯೂಟ್ಯೂಬ್ ಲೈವ್‌ನಲ್ಲಿ ಇಳಕಲ್ ಸೀರೆ ಮಾರುವುದು ನನ್ನ ಕೆಲಸ. ವಾರಕ್ಕೆ ಐದು ದಿನ, ರಾತ್ರಿ ಎಂಟರಿಂದ ಹತ್ತೂವರೆ. ಸೆರಗು ಬಿಡಿಸಿ ಅದರ ಮೇಲಿನ ತೋಪು ತೆನಿ ಅನ್ನುವ ವಿನ್ಯಾಸ ತೋರಿಸಬೇಕು, ಒಡಲಿಗೂ ಸೆರಗಿಗೂ ಕೊಂಡಿ ಹಾಕಿದ ಜಾಗ ಕ್ಯಾಮೆರಾ ಹತ್ತಿರ ಹಿಡಿಯಬೇಕು. ಇದೆಲ್ಲ ರೂಢಿಯಾಗುತ್ತದೆ. ಕಷ್ಟ ಇರುವುದು ಮುಖದ ಕೆಲಸದಲ್ಲಿ.

ಬಂದವರನ್ನೆಲ್ಲ ಹೆಸರು ಹಿಡಿದು ಮಾತಾಡಿಸುತ್ತೇನೆ. "ಊಟ ಆಯ್ತಾ ಅಕ್ಕ? ಮಂಡಿ ನೋವು ಹೇಗಿದೆ?" ಸುಮ್ನೆ ಬಾಯಿಮಾತಿಗೆ ಕೇಳೋದಲ್ಲ, ನಿಜವಾಗಿ ಅಕ್ಕರೆ ಇದೆ. ಆದರೆ ಮನಸ್ಸು ಹೇಗೇ ಇರಲಿ, ಎಂಟು ಹೊಡೆದ ಕೂಡಲೇ ಆ ಅಕ್ಕರೆಯನ್ನು ಮುಖಕ್ಕೆ ತಂದುಕೊಳ್ಳಬೇಕಲ್ಲ, ಅದು ದುಡಿಮೆಯೇ. ಅಮೆರಿಕದ ಸಮಾಜಶಾಸ್ತ್ರಜ್ಞೆ ಆರ್ಲಿ ಹೋಕ್‌ಶಿಲ್ಡ್ ಗಗನಸಖಿಯರ ಕೆಲಸ ನೋಡಿ 1983ರಲ್ಲೇ ಇದಕ್ಕೆ ಎಮೋಷನಲ್ ಲೇಬರ್ ಅಂದರು.

ಹೋದ ವರ್ಷ ಪಂಚಮಿಗೆ ಮುಂಚಿನ ವಾರ ಅಮ್ಮ ಆಸ್ಪತ್ರೆಯಲ್ಲಿದ್ದರು. ಹಬ್ಬದ ವ್ಯಾಪಾರ, ಲೈವ್ ಬಿಡುವ ಹಾಗಿರಲಿಲ್ಲ. ಯಾರೋ ಒಬ್ಬ ನನ್ನ ಮೈ ಬಗ್ಗೆ ಹೊಲಸು ಕಮೆಂಟ್ ಹಾಕುತ್ತಲೇ ಇದ್ದ. ನಗುತ್ತಾ "ಮುಂದಿನ ಸೀರೆ ನೋಡೋಣ" ಅಂದೆ. ಮುಗಿದ ಮೇಲೆ ಸೆರಗಿನ ಪಿನ್ ತೆಗೆಯಲು ಹೋದರೆ ಕೈ ನಡುಗುತ್ತಿತ್ತು. ಆಗ ಧಾರವಾಡದ ಒಬ್ಬ ಗಿರಾಕಿಯ ಫೋನ್ ಬಂತು. "ಯಾಕವ್ವಾ, ಇವತ್ತ ದನಿ ನಿಂದು ಅನ್ಸಲಿಲ್ಲ. ಮೊದಲ ಊಟ ಮಾಡು." ಅತ್ತುಬಿಟ್ಟೆ.

ಅವರನ್ನೇ ಮಾಡರೇಟರ್ ಮಾಡಿದೆ, ಅಂದರೆ ಲೈವ್ ಚಾಟ್ ಕಾಯುವ ಕೆಲಸ. ಹೊಲಸು ಬರೆದವರನ್ನು ನನ್ನ ಕಣ್ಣಿಗೆ ಬೀಳುವ ಮುಂಚೆಯೇ ತೆಗೆದುಹಾಕುತ್ತಿದ್ದರು. ನನಗೆ ಎಷ್ಟು ಹಗುರ ಆಯಿತು ಅಂದರೆ, ಆ ಮಾತುಗಳನ್ನೆಲ್ಲ ಈಗ ಅವರು ಓದುತ್ತಿದ್ದಾರೆ ಅನ್ನುವುದು ಹೊಳೆಯಲೇ ಇಲ್ಲ. ಮೂರು ತಿಂಗಳಾದ ಮೇಲೆ "ಕೆಲವು ರಾತ್ರಿ ನಿದ್ದಿ ಬರೂದಿಲ್ಲವ್ವಾ" ಅಂದರು. ಇಲ್ಲಿ ನಾನು ತಪ್ಪಿದ್ದೆ. ಪ್ರೀತಿಯಿಂದ ಮಾಡುತ್ತಾರೆ ಅಂತ ಒಂದು ರೂಪಾಯಿಯನ್ನೂ ಕೊಟ್ಟಿರಲಿಲ್ಲ.

ಈಗ ತಿಂಗಳಿಗೆ ಸಂಬಳ ಇದೆ. ವಾರಕ್ಕೆ ಎರಡು ದಿನ ಅವರ ಬದಲು ನನ್ನ ತಂಗಿ ಕೂರುತ್ತಾಳೆ. ಬೈಗುಳಗಳ ಪಟ್ಟಿಯನ್ನು ಸೆಟ್ಟಿಂಗ್ಸ್‌ಗೆ ಹಾಕಿಟ್ಟಿದ್ದೇವೆ, ಚಾಟ್‌ಗೆ ಬರದಂತೆ ಅಲ್ಲೇ ತಡೆಯುತ್ತದೆ. ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ ಬೈಗುಳಗಳನ್ನೂ ಸೇರಿಸಿ, ಜಾಸ್ತಿ ಬರುವುದು ಅವೇ.

ಲೈವ್ ಮುಗಿದ ಮೇಲೆ ಹತ್ತು ನಿಮಿಷ ಧಾರವಾಡದ ಅವರೂ ನಾನೂ ಫೋನಿನಲ್ಲಿ ಮಾತಾಡುತ್ತೇವೆ. ಆರ್ಡರ್ ಮಾತು ಇಲ್ಲ. ನಿನ್ನೆ ಅವರ ಮೊಮ್ಮಗ ಮೊದಲ ಸಲ ರೊಟ್ಟಿ ತಟ್ಟಿದ ಕತೆ ಹೇಳಿದರು. ನಾನು ಪಿನ್ ತೆಗೆಯುತ್ತಾ ಕೇಳಿಸಿಕೊಂಡೆ.